ಗೋಡೆ ಮೇಲಿನ ಒಂದು ಕೈ

ಮೂಡಲಪಾಳ್ಯದ ಅಂಗನವಾಡಿಯಲ್ಲಿ ನಾನು ಸಹಾಯಕಿ. ಗೋಡೆಗೆ ಚಿತ್ರ ಬರೆಯಲು ಬಂದ ಹುಡುಗಿ, "ಅಕ್ಕಾ, ಎರಡೂ ಕೈ ಮೇಲೆತ್ತಿ ನಿಂತ್ಕೊಳ್ಳಿ, ನಿಮ್ಮನ್ನೇ ನೋಡಿ ಬರೀತೀನಿ" ಅಂದಳು. ನಾನು ಉಬ್ಬಿಹೋಗಿ ನಿಂತೆ.

ಬರೆಯುತ್ತಾ ಪಾಠ ಬೇರೆ. ಹಳೇ ಈಜಿಪ್ಟಿನ ಗೋಡೆಗಳಲ್ಲಿ ಸತ್ತವರಿಗಾಗಿ ಅಳುವ ಹೆಂಗಸರು ಹೀಗೇ ಕೈ ಎತ್ತಿದ್ದಾರಂತೆ. ರೋಮಿನ ಹಳೇ ಸಮಾಧಿಗಳಲ್ಲಿ ಅದು ಪ್ರಾರ್ಥನೆಯಂತೆ, ಯುದ್ಧದ ಚಿತ್ರಗಳಲ್ಲಿ ಶರಣಾಗತಿಯಂತೆ. ಹತ್ತನೇ ಕ್ಲಾಸಿಗೇ ಓದು ಬಿಟ್ಟ ನನಗೆ ಒಂದೇ ಅರ್ಥ ಗೊತ್ತಿತ್ತು. ನನ್ನ ಒಂದೂವರೆ ವರ್ಷದ ಮಗಳು ಕೈ ಎತ್ತಿದರೆ, ಎತ್ಕೋ ಅಂತ.

ಅಷ್ಟರಲ್ಲಿ ಮಗಳು ನಿದ್ದೆಯಿಂದ ಎದ್ದು ಬಂದಳು. ಮೇಲೆತ್ತಿಕೊಂಡೇ ಇದ್ದ ನನ್ನ ಕೈಗಳನ್ನು ನೋಡಿದಳು. ಸೀದಾ ಹೋಗಿ ಆ ಹುಡುಗಿಯ ಮುಂದೆ ಎರಡೂ ಕೈ ಎತ್ತಿದಳು. ಹುಡುಗಿ ಕುಂಚ ಬಿಟ್ಟು ಎತ್ತಿಕೊಂಡಳು. ನನ್ನ ಮಗು ಅವಳ ಹೆಗಲಿಗೆ ಕೆನ್ನೆ ಒತ್ತಿತು. ನಾನು ಕೈ ಇಳಿಸಿ ಮುಂದೆ ಚಾಚಿದೆ.

"ಕೊಡಿ ಇಲ್ಲಿ."

"ಕೈ ಇಳಿಸ್ಬೇಡಿ ಅಕ್ಕಾ, ಎಡಗೈ ಇನ್ನೂ ಬಾಕಿ ಇದೆ. ಪಾಪು ನನ್ನ ಹತ್ರ ಆರಾಮಾಗಿದೆ."

"ಅದಕ್ಕೇ ಕೊಡಿ ಅಂದಿದ್ದು."

ಕಿತ್ತುಕೊಂಡೆ. ಮಗಳು ಅತ್ತಳು. ಅವಳನ್ನು ಎಡಗೈಯಲ್ಲಿ ಅವುಚಿಕೊಂಡು, ಬಲಗೈ ಮಾತ್ರ ಎತ್ತಿ ಮತ್ತೆ ನಿಂತೆ. ಆ ಹುಡುಗಿಯೂ ಹಟಮಾರಿ. ಚಿತ್ರದಲ್ಲಿ ಮಗುವನ್ನು ಬಿಟ್ಟು, ಎತ್ತಿದ ಒಂದೇ ಕೈ ಬರೆದು ಮುಗಿಸಿದಳು.

ಈಗ ದಾರಿಯಲ್ಲಿ ಹೋಗುವವರೆಲ್ಲ ಗೋಡೆ ನೋಡಿ, "ಯಾಕಮ್ಮಾ, ಬಸ್ಸಿಗೆ ಕೈ ಅಡ್ಡ ಹಾಕಿದೀಯಾ?" ಅಂತ ಕೇಳ್ತಾರೆ. ಹೌದು, ಚಿತ್ರ ಬರೆದವಳನ್ನ ಬೇಗ ಹತ್ತಿಸಿ ಕಳಿಸೋಕೆ, ಅಂತೀನಿ.