ಸಾಕಮ್ಮನ ತಲೆಯಡಿಯ ಕೊನೆಯ ಗೋಣಿ

2004ರ ಒಂದು ದಿನ, ಬೆಳಗಿನ ಐದೂವರೆ. ತಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ದಾರಿಯ ಹಳ್ಳಿಯೊಂದರ ಅಂಗನವಾಡಿ. ಗೋಣಿತಾಟು ಹಾಸಿಕೊಂಡು ಹದಿನಾಲ್ಕು ಹೆಂಗಸರು ಅಂಗಾತ ಮಲಗಿದ್ದಾರೆ. ಇಬ್ಬರಿಗೆ ಆಗಲೇ ಗೊರಕೆ. ಯೋಗ ಹೇಳಿಕೊಡುವ ಚಿನ್ನಮ್ಮ ಅವರನ್ನು ಎಬ್ಬಿಸುವುದಿಲ್ಲ. ಬೇರೆಯವರು ಕೊನೆಗೆ ಮಾಡಿಸುವ ಶವಾಸನ ಇಲ್ಲಿ ಮೊದಲು. "ದಣಿದ ಮೈಗೆ ಮೊದ್ಲು ನೆಲ ಕೊಡ್ಬೇಕು ಸಾ. ಆಮೇಲೆ ಆಸನ" ಎಂದು ನೋಡಲು ಬಂದ ನನಗೆ ಹೇಳುತ್ತಾರೆ.

ಅವರ ಕಣ್ಣು ಮಾತ್ರ ಗೋಡೆ ಪಕ್ಕದ ಸಾಕಮ್ಮನ ಮೇಲೇ. ಐವತ್ತು ವರ್ಷ ನಾಟಿ ಹಾಕಿ ಸಾಕಮ್ಮನ ಬೆನ್ನು ಕುಡುಗೋಲಿನಂತೆ ಬಾಗಿದೆ. 2002ರಲ್ಲಿ ಮೊದಲ ಸಲ ಮಲಗಿದಾಗ ತಲೆ ನೆಲ ಮುಟ್ಟದೆ ಗಾಳಿಯಲ್ಲೇ ನಿಂತಿತ್ತು. ಚಿನ್ನಮ್ಮ ಆರು ಗೋಣಿ ಮಡಿಸಿ ಒತ್ತುಕೊಟ್ಟರು. ಎರಡು ವರ್ಷದಲ್ಲಿ ಐದು ಹೊರಬಂದಿವೆ. ಉಳಿದಿರುವುದನ್ನು ಇವತ್ತು ತೆಗೆಯಬೇಕು.

ಈ ಸಾಕಮ್ಮನೇ ಹನ್ನೆರಡರ ಚಿನ್ನಮ್ಮನನ್ನು ಗದ್ದೆಗಿಳಿಸಿ ನಾಟಿ ಕಲಿಸಿದವರು. ಮೂವತ್ತೈದಕ್ಕೆಲ್ಲ ಚಿನ್ನಮ್ಮನಿಗೆ ನಡು ಹಿಡಿದುಕೊಂಡಿತು. ಯಾರೋ ಹೇಳಿದರೆಂದು ನಂಜನಗೂಡಿನ ಉಚಿತ ಯೋಗ ಶಿಬಿರಕ್ಕೆ ನಲವತ್ತು ದಿನ ಬಸ್ಸು ಹತ್ತಿಳಿದರು. ಊರವರು ಆಡಿಕೊಂಡರು. ನೋವು ಇಳಿಯಿತು. ಆಮೇಲೆ ಅಂಗನವಾಡಿ ಸಹಾಯಕಿಯ ಕೆಲಸ ಸಿಕ್ಕಿತು, ಬೀಗದ ಕೈಯೂ ಸಿಕ್ಕಿತು. ಮಕ್ಕಳು ಬರುವ ಮುಂಚೆ ಹೆಂಗಸರನ್ನು ಕರೆದರು.

ಮೊದಲ ದಿನವೇ ಎಡವಟ್ಟು. ಶಿಬಿರದಲ್ಲಿ ಕಲಿತಂತೆ, ಮುಂದಕ್ಕೆ ಬಗ್ಗಿ ಕಾಲ್ಬೆರಳು ಮುಟ್ಟಿ ಎಂದರು. ಎಲ್ಲರೂ ಕಿಸಕ್ಕನೆ ನಕ್ಕರು. "ಸೂರ್ಯ ಮುಳುಗೋಗಂಟ ಬಗ್ಗೇ ಇರ್ತೀವಿ. ಇಲ್ಲೂ ಬಗ್ಗಿಸ್ತಿಯಲ್ಲವ್ವ, ನೆಟ್ಗಾಗೋದ್ನ ಯೇಳ್ಕೊಡು" ಅಂದರು ಸಾಕಮ್ಮ. ಚಿನ್ನಮ್ಮನಿಗೆ ನಾಚಿಕೆಯಾಯಿತು. ಅಂದಿನಿಂದ ಈ ಅಂಗನವಾಡಿಯಲ್ಲಿ ಬಗ್ಗುವ ಆಸನವೇ ಇಲ್ಲ. ಎದೆ ಅರಳಿಸುವುದು, ತೋಳು ಚಾಚುವುದು, ಕೂರಲಾಗದವರಿಗೆ ಗೋಡೆಗೊರಗಿ ಧ್ಯಾನ. ಪೈರಿನ ಕಟ್ಟು ಎಣಿಸಿದ ಹಾಗೆ ಉಸಿರು ಎಣಿಸಬೇಕು, ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಏಳಕ್ಕೆಲ್ಲ ಹೆಂಗಸರು ಗದ್ದೆಗೆ, ಚಿನ್ನಮ್ಮ ಮಕ್ಕಳ ಉಪ್ಪಿಟ್ಟಿಗೆ. ಮಹಾ ಮಹಾ ಗುರುಗಳಿಗೂ ಹೊಳೆಯದ್ದು ಈ ಹೆಣ್ಣುಮಗಳಿಗೆ ಒಂದೇ ದಿನದಲ್ಲಿ ಹೊಳೆಯಿತಲ್ಲ ಎಂದು ಬೆರಗಾಗುತ್ತದೆ.

"ದೊಡ್ಡವ್ವ, ತೆಗೀಲಾ?"

"ತೆಗಿ. ನಿನ್ನ ಬಗ್ಸಿದೋಳು ನಾನೇ, ನನ್ನ ನೆಟ್ಗೆ ಮಾಡೋಳು ನೀನು."

ಚಿನ್ನಮ್ಮ ಒಂದು ಅಂಗೈಯಲ್ಲಿ ತಲೆ ಹಿಡಿದು ಗೋಣಿ ಎಳೆಯುತ್ತಾರೆ. ಆಮೇಲೆ ಅಂಗೈಯನ್ನೂ ಮೆಲ್ಲಗೆ ಜಾರಿಸುತ್ತಾರೆ. ನರೆತ ತಲೆ ಇಳಿಯುತ್ತದೆ, ತಡೆಯುತ್ತದೆ, ಮತ್ತೆ ಇಳಿದು ನೆಲ ಮುಟ್ಟುತ್ತದೆ. ಗೊರಕೆಯವರೂ ಎದ್ದು ಕೂತಿದ್ದಾರೆ.

ಇಷ್ಟು ದಿನ ಮಲಗಿದಾಗ ಸಾಕಮ್ಮನಿಗೆ ಕಾಣುತ್ತಿದ್ದದ್ದು ಎದುರು ಗೋಡೆಯ ಅಆಇಈ ಮಾತ್ರ. ಈಗ ಕಣ್ಣು ಸೂರಿಗೆ ನೆಟ್ಟಿದೆ.

"ಅಲ್ಲೊಂದು ಹೆಂಚು ಒಡ್ದೋಗದೆ. ದಿನಾ ಅಂಗಾತ ಬಿದ್ಕತೀರಿ, ಒಬ್ರಾದ್ರೂ ಯೇಳ್ಬಾರ್ದ?"

ಚಿನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಕೊನೆಯ ಗೋಣಿಯನ್ನು ಮಡಿಸಿಡುತ್ತಾರೆ. ನಿಮಗೇನು ಬೇಕು ಎಂದು ನಾನು ಕೇಳಿದರೆ ತಲೆಯೆತ್ತಿ ಸೂರು ನೋಡುತ್ತಾರೆ.

"ಚಾಪೆಗೀಪೆ ಏನೂ ಬ್ಯಾಡ ಸಾ. ಆ ಹೆಂಚೊಂದು ಬದ್ಲಾಯಿಸ್ಬೇಕು. ಮಳೆ ಬಂದ್ರೆ ದೊಡ್ಡವ್ವನ ಮಕದ ಮೇಲೇ ಸೋರ್ತದೆ."