ಸೂರಿಲ್ಲದ ಒಲೆ

ಅವಲಪಲ್ಲಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಂದು ಮನೆಯ ಹಿತ್ತಿಲಲ್ಲಿ ಪಿಳ್ಳಮ್ಮ ಕುಕ್ಕರಗಾಲಲ್ಲಿ ಕೂತು, ಕೋಳಿ ಕವುಚಿದ ಮಂಕರಿಯನ್ನು ಚೂರೇ ಎತ್ತಿ, ಒಳಗೆ ಕೈ ತೂರಿಸಿ, ಕೋಳಿಯ ಎದೆ ಒತ್ತಿ ನೋಡುತ್ತಿದ್ದಾರೆ. "ಮಂಕರಿ ಎತ್ತಿಬುಟ್ರೆ ಮುಗೀತು ಸಾಮಿ. ಊರೆಲ್ಲಾ ಓಡ್ಸಿ ಬುಡ್ತದೆ. ಓಡಿದ್ ಕೋಳಿ ಬೇಯೋದೂ ತಡ."

ಆರಿಸಿ ಕೊಂಡ ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ಅವರು ಹೊಸೂರು ಪಕ್ಕದ ಮತ್ತಿಗಿರಿ ಕಡೆ ನಡೆಯುತ್ತಾರೆ. ಅಲ್ಲೊಂದು ಎರಕದ ಕಾರ್ಖಾನೆ. ಅದರ ಕ್ಯಾಂಟೀನಿನಲ್ಲಿ ವಾರವಿಡೀ ತಟ್ಟೆ ತೊಳೆಯುವ ಪಿಳ್ಳಮ್ಮ ಬುಧವಾರ ಮಾತ್ರ ಅಡುಗೆಯವರು. ಅಂದು ಎರಡನೇ ಪಾಳಿಯವರಿಗೆ ರಾತ್ರಿಯೂಟಕ್ಕೆ ಮುದ್ದೆ, ಕೋಳಿಸಾರು.

ಸಾರು ಬೇಯುವುದು ಕ್ಯಾಂಟೀನಿನೊಳಗಲ್ಲ, ಹಿಂದಿನ ಬಯಲಲ್ಲಿ, ಮೂರು ಕಲ್ಲಿನ ಮೇಲೆ. ಒಳಗೆ ಕೋಳಿ ಬಂದರೆ ಮೈಲಿಗೆಯಂತೆ! ಹೊಸೂರಿನಲ್ಲಿ ದಿನಕ್ಕೊಂದು ಹೊಸ ಸೂರು ಏಳುತ್ತಿದೆ. ಈ ಸಾರಿಗೆ ಮಾತ್ರ ಸೂರಿಲ್ಲ. ಇನ್ನೂ ಕೇಳಿ: ನಾಟ್ರಾಂಪಾಳ್ಯದಿಂದ ಕೂಲಿಗೆಂದು ಬಂದ ಪಿಳ್ಳಮ್ಮ ಮೊದಲು ಗಾರೆ ಹೊತ್ತದ್ದು ಇದೇ ಕ್ಯಾಂಟೀನಿನ ಗೋಡೆಗೆ. ಆಗ ಗೋಡೆಗೆ ಮೈಲಿಗೆ ತಟ್ಟಲಿಲ್ಲ.

ಸಾಮಾನು ಏನೇನು ಎಂದು ಕೇಳಿದರೆ ನಗುತ್ತಾರೆ. "ಏನೈತೋ ಅದೇ. ಒಳಗ್ನೋರು ಮಿಗಿಸಿದ್ ಸೋರೆಕಾಯಿ, ಮೂಲಂಗಿ. ಬೇಲಿ ಮ್ಯಾಗ್ಳ ನುಗ್ಗೆಸೊಪ್ಪು." ಮೆಣಸು, ಧನಿಯ, ಬೆಳ್ಳುಳ್ಳಿ ಒರಳಲ್ಲಿ ಅರೆಯುತ್ತಾರೆ. ಮುದಿ ಕೋಳಿಯಾದರೆ ಪರಂಗಿಕಾಯಿಯ ಒಂದು ಹೋಳು. ಎಣ್ಣೆ ಹೆಸರಿಗಷ್ಟೆ, ಕೋಳಿಯ ಕೊಬ್ಬೇ ಸಾಕು.

ಕುಲುಮೆಯ ಮುಂದೆ ದುಡಿಯುವ ಮುತ್ತರಾಯಪ್ಪ ಹೇಳುತ್ತಾರೆ: "ಓಟ್ಲಾಗೆ ಎಣ್ಣೆ ತೇಲ್ತಿರ್ತದೆ, ತಿಂದ್ರೆ ಎದೆ ಉರಿ. ಮುಂದೆ ಒಂದ್ ಬೆಂಕಿ ಐತಲ್ಲ ಸಾರ್, ಒಳಗೂ ಒಂದ್ಯಾಕೆ? ನಮ್ಮಕ್ಕನ್ ಸಾರು ಉಂಡ್ರೆ ಮೈ ಅಗೂರ."

ಕಳೆದ ಬುಧವಾರ ಸಂಜೆ ಮಳೆ ಹೊಡೆಯಿತು. ಕೋಳಿ ಅರೆಬೆಂದಿತ್ತು. ಪಿಳ್ಳಮ್ಮ ಕೆಂಡವನ್ನು ಬಾಂಡ್ಲಿಗೆ ತುಂಬಿ, ಮುತ್ತರಾಯಪ್ಪನವರ ಕೈಲಿ ಪಾತ್ರೆ ಹೊರಿಸಿ, ಕ್ಯಾಂಟೀನಿನ ಜಗುಲಿ ಹತ್ತಿದರು. ಹತ್ತಿದ್ದೇ ತಡ, ಕ್ಯಾಂಟೀನ್ ಕಮಿಟಿಯ ಸೆಕ್ರೆಟರಿ ಚನ್ನಕೇಶವ ಹೊರಬಂದರು. ಅರ್ಧ ಮಾತನ್ನು ಮೂಗಿನಲ್ಲೇ ಮುಗಿಸುವವರು: "ಏಂನಮ್ಮಾ ಇದೂ! ಪ್ಯೂರ್ ವೆಜಿಟೇರಿಯಂನ್ ಬಿಲ್ಡಿಂಗ್ ಅಮ್ಮಾ!"

ಇಟ್ಟಿಗೆಗೂ ಪಥ್ಯ!

ಅವರು ನಿಂತು ಎರಡು ಬಕೆಟ್ ನೀರು ಸುರಿಸಿದರು. ಕೆಂಡ ಆರಿತು, ಪಾತ್ರೆಗೂ ಕೊಳೆನೀರು ಹಾರಿತು. ಒಂದು ಪಾಳಿಯ ಜನ ಮುದ್ದೆಗೆ ಮಜ್ಜಿಗೆ ಸುರಿದುಕೊಂಡು ಉಂಡು ಬೆಂಕಿಯೆದುರಿಗೆ ಮರಳಿದರು. ಸ್ವಲ್ಪ ಹೊತ್ತಿಗೆ, ನಡೆದದ್ದು ತಿಳಿಯದ ಪ್ಯೂನ್ ಎಂದಿನಂತೆ ಸೆಕ್ರೆಟರಿಯವರ ಟಿಫನ್ ಕ್ಯಾರಿಯರ್ ಹಿಡಿದು ಬಂದ. "ಸಾರ್‌ಗೆ ಎರಡ್ ಸೌಟು, ಲೆಗ್ ಪೀಸ್ ನೋಡಿ ಹಾಕ್ಬೇಕಂತೆ." ಪ್ರತಿ ಬುಧವಾರವೂ ಹೋಗುವ ಕ್ಯಾರಿಯರ್ ಅದು. ಮನೆಯಲ್ಲಿ ಅದಕ್ಕೆ ಮೆಣಸಿನ ಕಷಾಯ ಎಂದು ಹೆಸರಂತೆ. ಕಷಾಯಕ್ಕೆ ಕಾಲು ಬಂದದ್ದು ಹೇಗೆಂದು ಮನೆಯವರು ಕೇಳಿಲ್ಲ.

ಮರುದಿನ ನೋಟೀಸ್ ಬೋರ್ಡಿನಲ್ಲಿ ಏನಿತ್ತು? ಕೋಳಿ ಊಟ ಹೊತ್ತಿಗೆ ಸರಿಯಾಗಿ ಒದಗಿಲ್ಲ. ಆದ್ದರಿಂದ ಅದನ್ನು ನಿಲ್ಲಿಸಬೇಕೇ ಎಂದು ಕಮಿಟಿ ತೀರ್ಮಾನಿಸಲಿದೆ. ಒಲೆ ಆರಿಸಿದವರೇ ಅಡುಗೆ ತಡವೆನ್ನುತ್ತಾರೆ! ಬರುವ ಬುಧವಾರ ಊಟ ಮುಗಿದ ಮೇಲೆ ಮೀಟಿಂಗು, ಕೈ ಎತ್ತಿ ಮತ. ಕಮಿಟಿಯ ಏಳು ಜನರಲ್ಲಿ ಈ ಸಾರು ಉಣ್ಣದವರು ಒಬ್ಬರೂ ಇಲ್ಲ.

"ನಾನೇನ್ ಅವ್ರ ಒಲೆ ಕೇಳ್ನಿಲ್ಲ ಸಾಮಿ. ನಾಕ್ ಕಂಬ, ಮ್ಯಾಗೆ ನಾಕ್ ಶೀಟು. ಅಷ್ಟೆ. ಬುಧವಾರ ನಿಂತೋದ್ರೆ ನಾನು ಬರೀ ತಟ್ಟೆ ತೊಳ್ಯೋಳು. ಈಗ ಅಡ್ಗೆ ಪಿಳ್ಳಮ್ಮ ಅಂತಾರೆ, ಅದೂ ಓಯ್ತದೆ."

ಮೀಟಿಂಗಿನ ದಿನ ಅಡುಗೆ ಮಾಡುತ್ತೀರಾ ಎಂದೆ. ಪಿಳ್ಳಮ್ಮ ಕೆಂಡ ಕೆದಕುತ್ತಾ ತಲೆ ಎತ್ತದೆ ಹೇಳುತ್ತಾರೆ:

"ಮಾಡ್ದೇ ಬುಡ್ತೀನಾ? ಬೆಳ್ಳುಳ್ಳಿ ಒಂದ್ ಇಡಿ ಜಾಸ್ತೀನೇ ಆಕ್ತೀನಿ. ಏಳ್ ಜನಾನೂ ಒಟ್ಟೆ ತುಂಬಾ ಉಣ್ಲಿ. ಆಮ್ಯಾಕೆ ಕೈ ಎತ್ತೋಕ್ ಮುಂಚೆ ಒಂದ್ಸಲ ಮೂಸ್ ನೋಡ್ಕಳ್ಲಿ."