ಇಸ್ತ್ರಿ ಹಾಕಿದ ರೆಕಾರ್ಡು

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ಗೆರೆ ಮೇಷ್ಟ್ರು ಅಂತಲೇ ಕರೆಯುವುದು. ತಾನು ಇಸ್ತ್ರಿ ಹಾಕಿದ ಪ್ಯಾಂಟಿನ ಗೆರೆ ಮಳೆಯಲ್ಲಿ ನೆನೆದರೂ ಅಳಿಯದು ಎಂದು ಹೇಳಿಕೊಂಡು ತಿರುಗುತ್ತಾನೆ. ನಾವೂ ಹ್ಞೂಂ ಅನ್ನುತ್ತೇವೆ.

ಅವನ ಇಸ್ತ್ರಿ ಅಂಗಡಿಯಲ್ಲಿ ಎರಡು ಮೇಜು. ಒಂದು ಅವನದು, ಎದುರಿನದು ದೊಡ್ಡಮ್ಮನದು. ಮೂಲೆಯಲ್ಲಿ ರೆಕಾರ್ಡ್ ಪ್ಲೇಯರ್, ಅದಕ್ಕಿದ್ದದ್ದು ಒಂದೇ ಒಂದು ರೆಕಾರ್ಡು. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪ ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು. ಆಪರೆಟಾ ಎನ್ನುವ ನಗೆಯ ಹಾಡುನಾಟಕಗಳ ರಾಗಗಳನ್ನು ದೊಡ್ಡ ವಾದ್ಯವೃಂದ ನುಡಿಸಿದ್ದು. ಹಾಡುವವರಿಲ್ಲ, ಪಿಟೀಲುಗಳೇ ಕುಣಿಯುತ್ತವೆ. ದೊಡ್ಡಮ್ಮನಿಗೆ ಅದೆಂದರೆ ಪ್ರಾಣ. ಅದಿಲ್ಲದೆ ಒಂದು ಅಂಗಿಯೂ ಮಡಿಚಿದವಳಲ್ಲ. ಮೂರನೇ ರಾಗದ ನಡುವೆ ಗೀರೊಂದಿತ್ತು. ಅಲ್ಲಿ ಮುಳ್ಳು ಸಿಕ್ಕಿಕೊಂಡು ಅದೇ ತುಣುಕನ್ನು ಅರೆಯುತ್ತಿತ್ತು. ದೊಡ್ಡಪ್ಪ ಹೋಗಿ ಪ್ಲೇಯರಿನ ಬದಿಗೆ ಬೆರಳಿನಿಂದ ‘ಟಕ್’ ಎಂದು ತಟ್ಟಿದರೆ ಮಾತ್ರ ಮುಂದಕ್ಕೆ. ಇಷ್ಟು ಬಿಟ್ಟರೆ ಅವನಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ.

ಮಗಳ ಮನೆಗೆ ಹೋಗಿದ್ದ ದೊಡ್ಡಮ್ಮ ಅವತ್ತು ಸಂಜೆ ಬರುವವಳಿದ್ದಳು. ಅಷ್ಟರಲ್ಲಿ ಎಲ್ಲ ಥಳಥಳ ಅನ್ನಬೇಕೆಂದು ದೊಡ್ಡಪ್ಪ ರೆಕಾರ್ಡು ಒರೆಸಿ ಕಿಟಕಿಯ ಬಿಸಿಲಿಗೆ ಇಟ್ಟ. ಮಧ್ಯಾಹ್ನ ನೋಡಿದರೆ ಸೊಟ್ಟಗಾಗಿ ಕೂತಿತ್ತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಮ್ಮ ಮೇಷ್ಟ್ರು ಅದರ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ!

“ಬೇಡ ದೊಡ್ಡಪ್ಪ!” ಅಂದೆ.

“ಜೀವಮಾನವೆಲ್ಲ ಸುಕ್ಕು ತೆಗೆದಿದ್ದೀನಿ, ಇದ್ಯಾವ ಮಹಾ?”

ಸೊಟ್ಟವೇನೋ ಹೋಯಿತು. ರಾಗಗಳು ಕೂತಿದ್ದ ರೆಕಾರ್ಡಿನ ಗೆರೆಗಳೂ ಜೊತೆಗೇ ಹೋದವು. ದೊಡ್ಡಪ್ಪನ ಮುಖ ಹುಳ್ಳಗಾಯಿತು. “ಇನ್ನು ಅವಳು ಈ ಅಂಗಡೀಲಿ ಹೇಗೆ ನಿಂತ್ಕೋತಾಳೆ?” ಅಂದ. ನನಗೆ ನಗಬೇಕೆನಿಸಿದ್ದು ಅಲ್ಲಿಗೇ ಇಂಗಿಹೋಯಿತು.

ದೊಡ್ಡಮ್ಮ ಚೀಲ ಇಳಿಸುವ ಮೊದಲೇ ಅವನು ಎಲ್ಲ ಒಪ್ಪಿಸಿದ. ಅವಳು ರೆಕಾರ್ಡನ್ನು ತಿರುಗಿಸಿ ನೋಡಿದಳು. ಕಣ್ಣು ತುಂಬಿತು.

“ಇದಕ್ಕೂ ಇಸ್ತ್ರಿ ಹಾಕಿದ್ರಾ?”

“ಹದವಾದ ಬಿಸೀಲೇ ಹಾಕಿದ್ದೆ ಕಣೇ.”

ಅವಳು ತನ್ನ ಮೇಜಿನ ಮೇಲೆ ಅಂಗಿಯೊಂದನ್ನು ಹರವಿದಳು. ಅಂಗಡಿ ಬಿಕೋ ಎನ್ನುತ್ತಿತ್ತು. ದೊಡ್ಡಪ್ಪ ತಲೆಯೆತ್ತದೆ ತನ್ನ ಮೇಜಿನಲ್ಲಿ ಇಸ್ತ್ರಿ ಹಾಕುತ್ತಿದ್ದ. ಸ್ವಲ್ಪ ಹೊತ್ತಿಗೆ ಅವಳು ಗುನುಗಲು ಶುರುಮಾಡಿದಳು. ಮೊದಲ ರಾಗ, ಆಮೇಲೆ ಎರಡನೆಯದು, ಒಂದು ಸ್ವರವೂ ಬಿಡದೆ. ಮೂರನೆಯದರ ನಡುವೆ ಬಂದವಳು ಅದೇ ತುಣುಕನ್ನು ಮತ್ತೆ ಗುನುಗಿದಳು. ಮತ್ತೆ ಅದೇ. ಮರೆತಳೇನೋ ಅಂದುಕೊಂಡೆ. ಅವಳು ಹಾಗೇ ಗುನುಗುತ್ತ ದೊಡ್ಡಪ್ಪನತ್ತ ಹುಬ್ಬು ಹಾರಿಸಿದಳು.

ಅವನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಹೋಗಿ, ಅವಳ ಮೇಜಿನ ಅಂಚಿಗೆ ‘ಟಕ್’ ಎಂದು ತಟ್ಟಿದ. ರಾಗ ಮುಂದಕ್ಕೆ ಹೋಯಿತು.